ಟ್ರ್ಯಾಕ್ಟರಿನ ಹಿಂದಿನ ಬೆಳ್ಳಕ್ಕಿಗಳು

ಸೆಪ್ಟೆಂಬರ್ 4, ಬೆಳಿಗ್ಗೆ

ಮೊದಲ ಸುತ್ತು ಮುಗಿಯಿತು. ರನ್‌ವೇಯ ಎರಡೂ ಬದಿ ನೋಡಿದೆ. ಟಿಟ್ಟಿಭ ಒಂದು ಜೋಡಿ, ಗೊರವಂಕಗಳ ಜಗಳ, ಮಾಮೂಲಿ ಬೆಳ್ಳಕ್ಕಿ ಹಿಂಡು. ಪಟಾಕಿ ಹಾರಿಸಿದೆ. ಬೆಳ್ಳಕ್ಕಿಗಳು ತಲೆ ಎತ್ತಿ ನೋಡಿ ಮತ್ತೆ ಹುಳು ಹೆಕ್ಕತೊಡಗಿದವು. ಹೆದರಿಸಲೆಂದೇ ಇಟ್ಟಿರುವ ಗ್ಯಾಸ್ ತೋಪಿನ ಮೇಲೆ ಒಂದು ಆರಾಮಾಗಿ ಕೂತಿತ್ತು. ತೋಪು ಢಂ ಅಂದಿತು. ಅದು ಒಂದು ಗೇಣು ಮೇಲೆದ್ದು ಮತ್ತೆ ಅಲ್ಲೇ ಕೂತಿತು. ಇಷ್ಟೆಲ್ಲ ಮಾನ ಹೋದ ಮೇಲೆ ಕೋವಿ ತೆಗೆಯದೆ ಇರಲಾಗುತ್ತದೆಯೇ? ತೆಗೆದೆ. ನಳಿಗೆ ಜೀಪಿನ ಕಿಟಕಿ ದಾಟುವ ಮೊದಲೇ ಎಲ್ಲವೂ ಗುಂಡು ಮುಟ್ಟದಷ್ಟು ದೂರ ಹೋಗಿದ್ದವು. ಕೆಲವು ಹಾರಲೂ ಇಲ್ಲ, ನಡೆದುಕೊಂಡೇ ಹೋದವು.

ಈ ಹಳದಿ ಜೀಪು ಅವಕ್ಕೆ ಗೊತ್ತು. ಕೋವಿ ಎಷ್ಟು ದೂರ ಹೊಡೆಯುತ್ತದೆ ಎಂಬುದೂ ಗೊತ್ತು. ಹಕ್ಕಿ ಓಡಿಸುವವಳು ಎಂದು ನನಗೆ ಸಂಬಳ. ಇವತ್ತು ಯಾರು ಯಾರನ್ನು ಓಡಿಸಿದರೋ.

ಅದೇ ದಿನ, ಮಧ್ಯಾಹ್ನ

ಕೈ ಇನ್ನೂ ನಾರುತ್ತಿದೆ. ಮತ್ತೆ ಮತ್ತೆ ಸೋಪು ಹಾಕಿದರೂ ಹೋಗುತ್ತಿಲ್ಲ.

ಇಳಿಯುತ್ತಿದ್ದ ಸಣ್ಣ ವಿಮಾನಕ್ಕೆ ಹದ್ದು ಬಡಿಯಿತು. ಮುಂದಿನ ಗಾಜು ಒಡೆದುಕೊಂಡು ಒಳಗೇ ಹೋಗಿದೆ. ವಿಮಾನ ನಿಂತ ಮೇಲೆ ಏಣಿ ಹತ್ತಿ ನೋಡಿದೆ. ಹದ್ದಿನ ಅರ್ಧ ಪೈಲಟ್ ಸೀಟಿನಲ್ಲಿ, ಇನ್ನರ್ಧ ಹಿಂದಿನ ಬಾಗಿಲಿಗೆ ಮೆತ್ತಿಕೊಂಡಿತ್ತು. ಪೈಲಟ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಬೆರಳ ಸಂದಿಯಿಂದ ರಕ್ತ. "ಕಣ್ಣಿದ್ಯಾ ನೋಡಿ, ಕಣ್ಣಿದ್ಯಾ ನೋಡಿ" ಎಂದು ಒಂದೇ ಸಮನೆ ಕೇಳುತ್ತಿದ್ದ. ಒಂದು ಇರಲಿಲ್ಲ. ಇದೆ ಅಂದೆ. ಅವನನ್ನು ಇಳಿಸಿದ ಮೇಲೆ ಹದ್ದನ್ನು ಕೆರೆದು ಚೀಲಕ್ಕೆ ತುಂಬಿದೆ. ಅದೂ ನನ್ನ ಡ್ಯೂಟಿಯೇ. ಚಮಚದಲ್ಲಿ ಕೆರೆಯಬೇಕಾಯಿತು.

ಸೆಪ್ಟೆಂಬರ್ 5

ಸುರಕ್ಷತೆ ಸಾಹೇಬರ ರೂಮು. ಕೂರು ಎಂದು ಹೇಳಲಿಲ್ಲ.

"ನೋಡಮ್ಮ, ಇನ್ನೊಂದು ಸಲ ಹೀಗಾದ್ರೆ ನಿನ್ನನ್ನ ಇಟ್ಕೊಳ್ಳೋಕಾಗಲ್ಲ. ಹೊರಗಿನ ಕಂಪನಿಯವರು ಕೇಳ್ತಾನೇ ಇದ್ದಾರೆ. ಬಂದು ವಿಷ ಹಾಕ್ತಾರೆ, ಮೈದಾನ ಖಾಲಿ ಮಾಡ್ತಾರೆ."

"ಬಡಿದಿದ್ದು ಹದ್ದು ಸಾರ್. ಬೆಳ್ಳಕ್ಕಿ ಇದುವರೆಗೂ..."

"ನನಗೆ ಎಲ್ಲಾ ಹಕ್ಕೀನೂ ಒಂದೇ. ಬೆಳ್ಳಗೆ ಅಷ್ಟು ದೊಡ್ಡ ಹಿಂಡು ನಿಂತಿರುತ್ತೆ, ಪೈಲಟ್‌ಗಳು ದೂರ್ತಾರೆ. ಮೊದಲು ಅದನ್ನ ತೆಗಿ."

"ಜೀಪ್ ಕಂಡ್ರೆ ಹತ್ತಿರ ಬರಲ್ಲ ಸಾರ್."

"ಹಾಗಾದ್ರೆ ಅವು ಹತ್ತಿರ ಬರೋ ಕಡೆಯಿಂದ ಹೊಡಿ. ಹೇಗ್ ಮಾಡ್ತೀಯೋ ನನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಹೊರಗೆ ಬಂದೆ. ಗಂಡನ ಮನೆಯಿಂದ ಬರಿಗೈಯಲ್ಲಿ ಬಂದವಳನ್ನು ಅಕ್ಕ ಒಳಗೆ ಕರೆದುಕೊಂಡಳು. ಭಾವ ಇಲ್ಲಿ ಕೆಲಸಕ್ಕೆ ಸೇರಿಸಿದರು. ಕೋವಿ ಹಿಡಿದ ದಿನದಿಂದ ಆ ಮನೆಯ ಅನ್ನವನ್ನು ತಲೆ ಎತ್ತಿ ತಿಂದಿದ್ದೇನೆ. ಇದು ಹೋದರೆ ಮತ್ತೆ ಮೂಲೆಯಲ್ಲಿ ತಟ್ಟೆ ಹಿಡಿದು ಕೂರಬೇಕು. ಸತ್ತರೂ ಕೂರುವುದಿಲ್ಲ.

ಸೆಪ್ಟೆಂಬರ್ 9

ಭಾವ ಪೂರ್ವದ ಬದಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳ ಮೆರವಣಿಗೆ. ಬ್ಲೇಡಿನ ಗಾಡಿಗೆ ತಾಗುವಷ್ಟು ಹತ್ತಿರ. ಹುಲ್ಲಿನಿಂದ ಮಿಡತೆ ಏಳುವುದೇ ತಡ, ಗುಳುಂ. ಸರಕು ವಿಮಾನ ಪಕ್ಕದಲ್ಲೇ ಭೋರ್ ಎಂದು ಓಡಿ ಮೇಲೆದ್ದಿತು. ಒಂದು ಹಕ್ಕಿಯೂ ತಲೆ ಎತ್ತಲಿಲ್ಲ. ನಾನು ಜೀಪಿನಿಂದ ಇಳಿದು ಎರಡು ಹೆಜ್ಜೆ ಇಟ್ಟೆ, ಎಲ್ಲವೂ ಎದ್ದು ಭಾವನ ಆ ಕಡೆ ಹೋಗಿ ಇಳಿದವು.

"ಬಂದ್ಯಾ ಗುಂಡಮ್ಮ, ನನ್ನ ನೆಂಟರನ್ನ ಓಡಿಸೋಕೆ?" ಭಾವನಿಗೆ ಯಾವಾಗಲೂ ಇದೇ ತಮಾಷೆ. ಕೋವಿ ಸಿಕ್ಕಾಗಿನಿಂದ ನಾನು ಗುಂಡಮ್ಮ.

"ನಿಮ್ಮ ಮೇಲಿನ ಪ್ರೀತಿಗೆ ಬರ್ತಾವೆ ಅಂದ್ಕೊಂಡಿದ್ದೀರಾ? ಮಿಡತೆಗೆ ಬರ್ತಾವೆ."

"ನಿಮ್ಮಕ್ಕನೂ ನನ್ನ ಸಂಬಳ ನೋಡೇ ಬಂದಿದ್ದು. ನಾನು ಬೇಜಾರು ಮಾಡ್ಕೊಂಡ್ನಾ?" ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. "ವಿಮಾನ ಎಲ್ಲಿ ಓಡುತ್ತೆ ಅಂತ ಅವಕ್ಕೆ ಗೊತ್ತು ಕಣೆ. ಬಿಳಿ ಗೆರೆ ಆಚೆ ಕಾಲಿಡಲ್ಲ. ನಿನ್ನ ಜೀಪ್ ಬಂದಾಗ ಮಾತ್ರ ದಿಕ್ಕಾಪಾಲಾಗ್ತಾವೆ. ಸುಮ್ನೆ ಬಿಡು ಅವನ್ನ."

ಸುಮ್ಮನೆ ಬಿಡಲು ನನಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? ಟ್ರ್ಯಾಕ್ಟರ್ ಮೇಲೆ ನನ್ನನ್ನೂ ಕೂರಿಸಿಕೊಳ್ಳಿ, ನಾಲ್ಕು ಗುಂಡು ಹೊಡೆದು ಇಳಿಯುತ್ತೇನೆ ಎಂದು ಕೇಳಿದೆ. ಮುಖ ಕಪ್ಪಿಟ್ಟಿತು. "ಆ ಮಾತು ಇನ್ನೊಂದ್ಸಲ ಆಡ್ಬೇಡ" ಎಂದು ಗೇರ್ ಹಾಕಿ ಹೊರಟೇಬಿಟ್ಟರು.

ಸೆಪ್ಟೆಂಬರ್ 12, ಸಂಜೆ 7

ಹೊಸ ಬಿಳಿ ಲೈಟು ಹಾಕಿದ ಮೇಲೆ ಈ ಮೈದಾನಕ್ಕೆ ಸಂಜೆ ಎನ್ನುವುದೇ ಇಲ್ಲ. ಹಳೆಯ ಹಳದಿ ಲೈಟಿಗೆ ಇಷ್ಟು ಹುಳು ಮುತ್ತುತ್ತಿರಲಿಲ್ಲ. ಈಗ ಕಂಬದ ಕೆಳಗೆ ಹುಳುವಿನ ಮಳೆ. ಬೆಳ್ಳಕ್ಕಿಗಳು ಹೊತ್ತು ಮುಳುಗಿದ ಮೇಲೂ ಅಲ್ಲೇ ನಿಂತು ತಿನ್ನುತ್ತವೆ. ಅವುಗಳ ಮರಗಳನ್ನು ಪಾರ್ಕಿಂಗ್‌ಗೆಂದು ಕಡಿದಾಗ ತೊಲಗಿದವು ಎಂದುಕೊಂಡಿದ್ದೆವು. ಎಲ್ಲಿ ತೊಲಗಿದವು? ಈಗ ಲೈಟುಕಂಬಗಳ ಅಡ್ಡಪಟ್ಟಿಯ ಮೇಲೆಯೇ ಮಲಗುತ್ತವೆ. ಕಣ್ಣು ಕುಕ್ಕುವ ಬೆಳಕಿನಲ್ಲಿ ಹೇಗೆ ನಿದ್ದೆ ಬರುತ್ತದೋ.

ಬೇಟೆಹಕ್ಕಿ ಡೇಗೆಯೊಂದು ಕೂಡ ಇದನ್ನು ಕಲಿತಿದೆ. ಕಂಬದ ನೆತ್ತಿಯಲ್ಲಿ ಕೂತಿರುತ್ತದೆ, ಬೆಳಕಿಗೆ ಬಂದ ಅಂಬರಗುಬ್ಬಿಯನ್ನು ಗಾಳಿಯಲ್ಲೇ ಕೀಳುತ್ತದೆ. ಇವತ್ತು ನನ್ನ ಜೀಪಿನ ಬಾನೆಟ್ ಮೇಲೆ ಒಂದು ತಲೆ ಬಿತ್ತು. ಬರೀ ತಲೆ. ಕೊಕ್ಕು ಒಮ್ಮೆ ತೆರೆದು ಮುಚ್ಚಿತು. ಒರೆಸಿ ಮುಂದೆ ಹೋದೆ. ಎಲ್ಲರೂ ಹೊಟ್ಟೆಪಾಡು ನೋಡಿಕೊಂಡಿದ್ದಾರೆ, ನಾನೊಬ್ಬಳೇ ದಡ್ಡಿ.

ಸೆಪ್ಟೆಂಬರ್ 20

ಬ್ಯಾಟರಿ ಎತ್ತಲು ಹೋಗಿ ಭಾವನ ಸೊಂಟ ಹಿಡಿದಿದೆ. ಹಾಸಿಗೆಯಿಂದ ಏಳುವಂತಿಲ್ಲ. ಡಾಕ್ಟರು ಹದಿನೈದು ದಿನ ಅಂದರು. ಅಕ್ಕ ಬಿಸಿನೀರಿನ ಚೀಲ ಇಡುತ್ತ ಬೈಯುತ್ತಿದ್ದಾಳೆ. "ನಾಲ್ಕು ಜನ ಎತ್ತೋದನ್ನ ಒಬ್ರೇ ಎತ್ತೋಕೆ ಹೋದ್ರಲ್ಲ, ಯಾರು ಚಪ್ಪಾಳೆ ಹೊಡೀತಾರೆ ಅಂತ ರೀ?" ಭಾವ ನೋವಿನಲ್ಲೂ ನಗುತ್ತಾರೆ.

ಹುಲ್ಲು ಬೆಳೆಯುತ್ತಿದೆ. ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತಿದೆ. ಭಾವನ ಕಿತ್ತಳೆ ಕೋಟು, ಟೋಪಿ ಅಲ್ಲೇ ಮೊಳೆಗೆ ನೇತಾಡುತ್ತಿವೆ. ನನಗೂ ಟ್ರ್ಯಾಕ್ಟರ್ ಓಡಿಸಲು ಬರುತ್ತದೆ, ಅವರೇ ಕಲಿಸಿದ್ದು. ಮಧ್ಯಾಹ್ನದಿಂದ ತಲೆಯಲ್ಲಿ ಒಂದೇ ಯೋಚನೆ.

ಸೆಪ್ಟೆಂಬರ್ 22

ಮಾಡಿದೆ.

ಕೋಟು ತೊಟ್ಟೆ. ಟೋಪಿ ಕಣ್ಣಿನವರೆಗೂ ಎಳೆದುಕೊಂಡೆ. ಕೋವಿ ತೊಡೆಯ ಮೇಲೆ. ಪೂರ್ವದ ಬದಿಯಲ್ಲಿ ನಿಧಾನವಾಗಿ, ಭಾವನ ಹಾಗೆಯೇ, ಹೊರಟೆ. ಬೆಳ್ಳಕ್ಕಿಗಳು ಬಂದವು. ಬಾಯ್ತುಂಬ ಊಟಕ್ಕೆ ಕರೆಸಿಕೊಂಡವರ ಹಾಗೆ ಬಂದವು. ಹಿಂದೆ, ಪಕ್ಕದಲ್ಲಿ, ಚಕ್ರದ ಬುಡದಲ್ಲಿ. ಒಂದು ನನ್ನ ಮುಖವನ್ನೇ ನೋಡಿತು, ಮತ್ತೆ ಮಿಡತೆ ಹಿಡಿಯಿತು.

ಇಂಜಿನ್ ನಿಲ್ಲಿಸದೆ ತಿರುಗಿ ಹೊಡೆದೆ. ಅಷ್ಟು ಹತ್ತಿರದಿಂದ ತೋಟಾದೊಳಗಿನ ಸಣ್ಣ ಗುಂಡು, ಚರೆ, ಹರಡುವುದಿಲ್ಲ, ಮುದ್ದೆಯಾಗಿ ನುಗ್ಗುತ್ತದೆ. ಮೊದಲನೆಯದಕ್ಕೆ ಕುತ್ತಿಗೆಯೇ ಉಳಿಯಲಿಲ್ಲ. ಉಳಿದವು ಎದ್ದವು, ಏನೆಂದು ತಿಳಿಯದೆ ಮತ್ತೆ ಟ್ರ್ಯಾಕ್ಟರಿನ ಹತ್ತಿರವೇ ಇಳಿದವು. ಆಸರೆ ಇಲ್ಲೇ ಎಂದುಕೊಂಡವೋ ಏನೋ. ಮತ್ತೆ ಹೊಡೆದೆ. ಮತ್ತೆ. ರೆಕ್ಕೆ ಮುರಿದದ್ದೊಂದು ಎಳೆದುಕೊಂಡು ಬ್ಲೇಡಿನ ಕೆಳಗೆ ಹೋಯಿತು. ಟಪಟಪ ಸದ್ದು. ಹಿಂದೆ ಕತ್ತರಿಸಿದ ಹುಲ್ಲಿನ ಜೊತೆ ಬಿಳಿ, ಕೆಂಪು ಪುಡಿ. ಸಾಯದೆ ಉಳಿದವಕ್ಕೆ ಇಳಿದು ಕತ್ತು ತಿರುವಿದೆ.

ಖುಷಿಯಾಯಿತು. ಇಲ್ಲಿ ಸುಳ್ಳು ಬರೆದು ಯಾರಿಗೇನು? ಎಷ್ಟೋ ವರ್ಷ ನನ್ನನ್ನು ಆಡಿಸಿದವು ಕೈಗೆ ಸಿಕ್ಕಿದವು ಎಂದು ಮೈಯೆಲ್ಲ ಬಿಸಿಯಾಯಿತು.

ಸೆಪ್ಟೆಂಬರ್ 23

ಇವತ್ತೂ ಬಂದವು. ನಿನ್ನೆಗಿಂತ ಕಡಿಮೆ. ಹೊಡೆದೆ. ಸಾಹೇಬರು ಎದುರಿಗೆ ಸಿಕ್ಕಿ "ಹಿಂಡು ಸಣ್ಣದಾದ ಹಾಗಿದೆ" ಎಂದಷ್ಟೇ ಹೇಳಿ ಆಕಾಶ ನೋಡುತ್ತ ಹೋದರು. ಸಂಜೆ ಕೋಟು ಒಗೆಯುತ್ತ ಕೂತಿದ್ದೆ. "ಏನೇ ಇದ್ದಕ್ಕಿದ್ದ ಹಾಗೆ ಭಾವನ ಬಟ್ಟೆ ಮೇಲೆ ಅಕ್ಕರೆ?" ಎಂದಳು ಅಕ್ಕ. ಗ್ರೀಸು ತಾಗಿತ್ತು ಅಂದೆ.

ಸೆಪ್ಟೆಂಬರ್ 26

ಶೆಡ್ಡಿನ ಬಾಗಿಲಲ್ಲೇ ಇಂಜಿನ್ ಶುರು ಮಾಡಿದೆ. ಅಷ್ಟಕ್ಕೇ ಇಡೀ ಹಿಂಡು ಎದ್ದಿತು. ದೂರ ಹೋಗಿ ಇಳಿಯುವ ಹಳೆಯ ಹಾರಾಟವಲ್ಲ ಇದು. ಕಿರುಚುತ್ತ, ಒಂದಕ್ಕೊಂದು ಬಡಿದುಕೊಳ್ಳುತ್ತ, ಎತ್ತರಕ್ಕೆ, ರನ್‌ವೇಯ ಮೇಲೆಯೇ ಅಡ್ಡಲಾಗಿ. ಬಹಳ ಹೊತ್ತು ಇಳಿಯಲೇ ಇಲ್ಲ. ಆಗ ವಿಮಾನ ಯಾವುದೂ ಇರಲಿಲ್ಲ. ಪುಣ್ಯ.

ಬೆಳಕು, ಕಡಿದ ಮರ, ತೋಪು, ಜೀಪು, ಎಲ್ಲಕ್ಕೂ ಒಗ್ಗಿಕೊಂಡ ಹಕ್ಕಿ ಇದಕ್ಕೂ ಒಗ್ಗಿಕೊಂಡಿತು. ಟ್ರ್ಯಾಕ್ಟರ್ ಎಂದರೆ ಸಾವು, ಕಿತ್ತಳೆ ಕೋಟು ಎಂದರೆ ಸಾವು. ಇಷ್ಟು ಬೇಗ ಕಲಿಯುತ್ತವೆ ಎಂದು ನನಗೆ ಹೊಳೆಯಲಿಲ್ಲವಲ್ಲ. ಕೋವಿ ಮೂಲೆಗಿಟ್ಟೆ. ಇನ್ನು ಟ್ರ್ಯಾಕ್ಟರ್ ಹತ್ತುವುದಿಲ್ಲ.

ಅಕ್ಟೋಬರ್ 3

ಭಾವ ಇವತ್ತು ಡ್ಯೂಟಿಗೆ ಬಂದರು. ಇನ್ನೂ ಸ್ವಲ್ಪ ವಾಲಿ ನಡೆಯುತ್ತಾರೆ. ಹುಲ್ಲು ಮೊಣಕಾಲಿಗೆ ಬಂದಿದೆ, ಮಿಡತೆ ರಾಶಿ ರಾಶಿ. ಬೆಳ್ಳಕ್ಕಿ ಒಂದೂ ಇಲ್ಲ. ಟ್ರ್ಯಾಕ್ಟರ್ ಹೊರಬಿದ್ದೊಡನೆ ಮೈದಾನದ ಆಚೆ ತುದಿಯಿಂದಲೂ ಎದ್ದು ಹೋದವು.

ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ. "ಒಂದೂ ಬರ್ಲಿಲ್ಲ ಕಣೆ" ಎಂದರು ಅಕ್ಕನಿಗೆ. "ನನ್ನ ಕಂಡು ಓಡಿದ್ವು."

"ಎರಡು ವಾರ ಹಾಸಿಗೇಲಿದ್ದು ಮುಖ ಹಾಗಾಗಿದೆ. ನಾನೇ ಹೆದರ್ತೀನಿ ಕೆಲವು ಸಲ" ಎಂದಳು ಅಕ್ಕ. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗ ಅಸಹ್ಯವಾಗುತ್ತಿದೆ.

ಅಕ್ಟೋಬರ್ 5

ಕೆಳತುಟಿ ಸೀಳಿದೆ. ಎಡಗಣ್ಣು ಊದಿದೆ.

ಭಾವ ಬ್ಲೇಡಿನ ಗಾಡಿ ಎತ್ತಿ ತೊಳೆಯುತ್ತಿದ್ದರು. ಕೆಳಗೆ ಒಣಗಿದ ಹುಲ್ಲಿನ ಜೊತೆ ಗರಿ, ಒಂದು ಹಳದಿ ಕೊಕ್ಕು. ಟೈರಿನಲ್ಲಿ ಚರೆ. ನನ್ನನ್ನು ಕರೆದರು. ಅಂಗೈಯಲ್ಲಿ ಕೊಕ್ಕು ಇಟ್ಟುಕೊಂಡು ತೋರಿಸಿದರು.

"ನನ್ನ ಕೋಟ್ ಹಾಕ್ಕೊಂಡು?"

ಹೌದು ಅಂದೆ. ಕಪಾಳಕ್ಕೆ ಬಿಟ್ಟರು. ಇಷ್ಟು ವರ್ಷದಲ್ಲಿ ಒಂದು ದಿನ ಏರುದನಿಯಲ್ಲಿ ಮಾತಾಡದ ಮನುಷ್ಯ. ಇನ್ನೊಂದು ಬಿಟ್ಟರು. ನನ್ನ ಮೈಯಲ್ಲೂ ರಕ್ತ ಇದೆ. ಮೊಣಕೈಯಲ್ಲಿ ತಿರುಗಿ ಕೊಟ್ಟೆ, ಬಾಯಿಗೆ ಬಿತ್ತು. ಮುಂದಿನ ಹಲ್ಲು ಮುರಿದು ನೆಲಕ್ಕೆ ಬಿದ್ದಿತು. ನನ್ನ ಹೆಗಲಿನ ಕೋವಿ ಕಿತ್ತುಕೊಂಡರು, ಹಿಡಿಯನ್ನು ಚಕ್ರಕ್ಕೆ ಬಡಿದು ಬಡಿದು ಸೀಳಿದರು. ನಾನು ಅವರ ಸೊಂಟಕ್ಕೆ ಒದ್ದೆ. ನೋವಿದ್ದ ಸೊಂಟಕ್ಕೇ, ಬೇಕೆಂದೇ. ಕುಸಿದು ಕೂತರು. ಇಬ್ಬರೂ ಎಣ್ಣೆ ಚೆಲ್ಲಿದ ನೆಲದ ಮೇಲೆ ಏದುಸಿರು ಬಿಡುತ್ತ ಕೂತೆವು.

"ಅವು ನನ್ನ ನಂಬ್ಕೊಂಡಿದ್ವು ಕಣೆ" ಎಂದು ಅತ್ತರು. ಬಾಯಲ್ಲಿ ರಕ್ತ ತುಂಬಿಕೊಂಡು ಅಳುವ ಗಂಡಸನ್ನು ನಾನು ನೋಡಿರಲಿಲ್ಲ.

ಜಾಕ್ ಜಾರಿತು, ಇಬ್ಬರಿಗೂ ಬಡಿಯಿತು ಎಂದು ಅಕ್ಕನಿಗೆ ಹೇಳಿದವರು ಅವರೇ. ನನ್ನ ಮಾನ ಉಳಿಸಿದರು.

ಅಕ್ಟೋಬರ್ 6, ಸಂಜೆ

ಶೆಡ್ಡಿನಲ್ಲಿ ಮಾತಾಡಿದೆವು. ಮಾತಲ್ಲ, ಗೊಣಗಾಟ.

"ನೀವು ಹೊರಗೆ ಬಂದ್ರೆ ಹಿಂಡು ರನ್‌ವೇ ಮೇಲೆ ಏಳುತ್ತೆ ಭಾವ. ನೀವು ಹೋಗೋ ಹೊತ್ತಲ್ಲಿ ವಿಮಾನ ಬಿಡ್ಬೇಡಿ ಅಂತ ಟವರಿಗೆ ಹೇಳ್ಬೇಕು."

"ಹೇಳು. ಯಾಕೆ ಅಂತ ಕೇಳಿದ್ರೆ?"

ಅನುಮತಿ ಇಲ್ಲದೆ ಟ್ರ್ಯಾಕ್ಟರಿನಿಂದ ಗುಂಡು ಹಾರಿಸಿದ್ದು ಗೊತ್ತಾದರೆ ಕೆಲಸ ಆ ಕ್ಷಣವೇ ಹೋಗುತ್ತದೆ. ಭಾವ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು.

"ಬಿಡು. ಕೋಟ್ ಹಾಕಲ್ಲ. ದಿನಾ ನಿಧಾನಕ್ಕೆ ಹೋಗ್ತೀನಿ. ನಾಲ್ಕು ದಿನದಲ್ಲಿ ಮರೀತಾವೆ."

ಮರೆಯುವುದಿಲ್ಲ. ನನ್ನ ಜೀಪನ್ನು ಯಾವತ್ತೂ ಮರೆತಿಲ್ಲ. ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ನಾಳೆ ಹೇಗಾದರೂ ಮಾಡಿ ಟವರಿನವರಿಗೆ ಏನಾದರೊಂದು ನೆಪ ಹೇಳಬೇಕು. ನಾಯಿ ಬಂದಿದೆ ಅನ್ನಲೇ? ಬೆಳಿಗ್ಗೆ ಯೋಚಿಸುತ್ತೇನೆ.

ಅಕ್ಟೋಬರ್ 7, ಬೆಳಿಗ್ಗೆ 6

ಅಕ್ಕ ಭಾವನಿಗೆ ಮೆತ್ತಗಿನ ತಿಂಡಿ ಕಟ್ಟಿಕೊಟ್ಟಳು, ಹಲ್ಲು ನೋವಲ್ಲವೇ. ನನ್ನ ಕಡೆ ನೋಡದೆಯೇ ಭಾವ "ಬರ್ತೀಯಾ ಗುಂಡಮ್ಮ?" ಅಂದರು. ಎರಡು ದಿನದ ಮೇಲೆ ಆ ಹೆಸರು ಕೇಳಿ ಎದೆ ಹಗುರಾಯಿತು. ಹೊರಡುತ್ತಿದ್ದೇನೆ.

ಅಕ್ಟೋಬರ್ 29

ಬರೆಯಲೇಬೇಕು. ತಲೆಯೊಳಗೆ ಇಟ್ಟುಕೊಂಡರೆ ಒಡೆದು ಹೋಗುತ್ತದೆ.

ಏಳನೇ ತಾರೀಖು, ನಾನು ಜೀಪಿನಲ್ಲಿ ಪಶ್ಚಿಮದ ತುದಿಯಲ್ಲಿದ್ದೆ. ವಾಕಿಟಾಕಿಯಲ್ಲಿ ಭಾವನ ದನಿ, ಮುರಿದ ಹಲ್ಲಿನಿಂದ ಗಾಳಿ ಹೋಗುತ್ತಿತ್ತು. "ಟವರ್, ಹುಲ್ಲಿನ ಗಾಡಿ. ಪೂರ್ವದ ಬದಿಗೆ ಹೋಗ್ಲಾ?" ಟವರಿನವನು ಹೇಳಿದ: "ಹೋಗಿ. ಗೆರೆ ದಾಟ್ಬೇಡಿ." ಇವೆರಡನ್ನೂ ನನ್ನ ಕಿವಿಯಾರೆ ಕೇಳಿದ್ದೇನೆ. ಸರಕು ವಿಮಾನ ಆಗಲೇ ಓಡಲು ನಿಂತಿತ್ತು. ಟವರಿನವನ ತಪ್ಪಲ್ಲ. ಯಾವತ್ತಿನ ಹಾಗೆ ಬೆಳ್ಳಕ್ಕಿಗಳು ಟ್ರ್ಯಾಕ್ಟರಿನ ಹಿಂದೆ ಹೋಗುತ್ತವೆ ಎಂದೇ ಅವನೂ ಅಂದುಕೊಂಡ.

ವಾಕಿಟಾಕಿಯ ಬಟನ್ ಒತ್ತಿದೆ. ಏನು ಹೇಳಲಿ ಎಂದು ಯೋಚಿಸಿದೆ. ನಾಯಿ ಅನ್ನಲೇ, ಟೈರ್ ಅನ್ನಲೇ. ಬರೀ "ನಿಲ್ಲಿಸಿ" ಎಂದಿದ್ದರೆ ಸಾಕಿತ್ತು. ಯೋಚಿಸುತ್ತ ಕೂತೆ.

ಟ್ರ್ಯಾಕ್ಟರ್ ಶೆಡ್ಡಿನಿಂದ ಮೂತಿ ಹೊರಗೆ ಹಾಕಿತು. ಬೆಳ್ಳಗೆ ಒಂದು ಗೋಡೆ ಎದ್ದ ಹಾಗೆ ಎದ್ದವು. ವಿಮಾನ ಪೂರ್ತಿ ವೇಗದಲ್ಲಿತ್ತು. ಎಡಗಡೆಯ ಇಂಜಿನ್ ಅವನ್ನು ಒಳಗೆಳೆದುಕೊಂಡಿತು. ಮೊದಲು ಮೆತ್ತಗಿನ ಸದ್ದು, ಆಮೇಲೆ ಕಿವಿ ಹರಿಯುವಂಥ ಸಿಡಿತ. ಬೆಂಕಿಯ ಜೊತೆ ಕಬ್ಬಿಣದ ಚೂರುಗಳು. ವಿಮಾನ ಎಡಕ್ಕೆ ತಿರುಗಿ ಗೆರೆ ದಾಟಿ ಹುಲ್ಲಿಗೆ ಇಳಿಯಿತು. ರೆಕ್ಕೆ ಟ್ರ್ಯಾಕ್ಟರನ್ನು ಸವರಿಕೊಂಡು ಹೋಯಿತು. ಭಾವ ಇಳಿಯಲೂ ನೋಡಲಿಲ್ಲ. ತಲೆ ಮೇಲೆತ್ತಿ ಹಕ್ಕಿಗಳನ್ನೇ ನೋಡುತ್ತಿದ್ದರು.

ಪೈಲಟ್‌ಗಳಿಬ್ಬರೂ ಬದುಕಿದರು, ಒಬ್ಬನ ಕಾಲು ಹೋಯಿತು. ಭಾವನನ್ನು ನಾನೇ ಎಳೆದೆ. ಪೂರ್ತಿ ಬರಲಿಲ್ಲ. ಸುಟ್ಟ ಗರಿಗಳು ಬಹಳ ಹೊತ್ತು ಮೇಲಿಂದ ಬೀಳುತ್ತಲೇ ಇದ್ದವು, ನನ್ನ ಬಾಯೊಳಗೂ. ಅಕ್ಕ ಕ್ವಾರ್ಟರ್ಸಿನಿಂದ ಬರಿಗಾಲಲ್ಲಿ ಓಡಿ ಬಂದಳು. ಬೇಲಿಯ ತಂತಿ ಹಿಡಿದು ಕೂಗಿದ ಕೂಗು ಈಗಲೂ ಕೇಳುತ್ತಿದೆ.

ನವೆಂಬರ್ 2

ಸಾಹೇಬನ ವರದಿ ಹೊರಬಿದ್ದಿದೆ. ಹುಲ್ಲಿನ ಗಾಡಿಯವನು ಟವರಿನ ಅನುಮತಿ ಇಲ್ಲದೆ ಹೊರಬಂದ, ಹಕ್ಕಿಗಳು ಬೆದರಿದವು ಎಂದು ಬರೆದಿದ್ದಾನೆ. ಆ ಬೆಳಗಿನ ರೆಕಾರ್ಡಿಂಗ್ ಯಾಕೋ ಆಗಿಲ್ಲವಂತೆ. ಟವರಿನವನನ್ನು ಬೇರೆಡೆಗೆ ಕಳಿಸಿದ್ದಾರೆ. ಇಪ್ಪತ್ತೊಂದಕ್ಕೆ ಎನ್‌ಕ್ವೈರಿ. ನಾನು ಸಾಕ್ಷಿ.

ಅಕ್ಕ ಅಳುವುದನ್ನು ನಿಲ್ಲಿಸಿದ್ದಾಳೆ. ಅದಕ್ಕೇ ಇನ್ನೂ ಹೆಚ್ಚು ಭಯ. ಇವತ್ತು ಅಡುಗೆಮನೆಯಿಂದ ಬಂದು ನನ್ನ ಮುಂದೆ ನಿಂತು ಹೇಳಿದಳು.

"ಒಂದನ್ನೂ ಬಿಡ್ಬೇಡ. ಎಲ್ಲಾ ಹೊಡಿ. ನನಗೆ ತಂದು ತೋರ್ಸು."

ನವೆಂಬರ್ 4

ಹೊಸ ಕೋವಿ ಕೊಟ್ಟಿದ್ದಾರೆ. ಬೆಳಗಾಗುವ ಮುಂಚೆ ಲೈಟುಕಂಬದ ಬುಡಕ್ಕೆ ನಡೆದೇ ಹೋದೆ. ಮೇಲೆ ಮಲಗಿದವುಗಳ ಕಣ್ಣಿಗೆ ಬೆಳಕು ಹೊಡೆಯುತ್ತದೆ, ಕೆಳಗೆ ಕಂಬದ ನೆರಳಿನಲ್ಲಿ ನಿಂತವಳು ಕಾಣುವುದಿಲ್ಲ. ಹಣ್ಣು ಉದುರಿಸಿದ ಹಾಗೆ ಉದುರಿಸಿದೆ. ಒಂದು ಹೆಗಲ ಮೇಲೆಯೇ ಬಿತ್ತು, ಇನ್ನೂ ಜೀವ ಇತ್ತು, ಕುತ್ತಿಗೆಗೆ ಕುಕ್ಕಿತು. ಕಾಲಲ್ಲಿ ತುಳಿದೆ. ಈ ಸಲ ಖುಷಿ ಇರಲಿಲ್ಲ.

ಗೋಣಿಚೀಲ ತಂದು ಹಿತ್ತಲಲ್ಲಿ ಸುರಿದೆ. ಅಕ್ಕ ಒಂದನ್ನು ಕಾಲು ಹಿಡಿದೆತ್ತಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಳು. ಬಡಿದೇ ಬಡಿದಳು. ಕಲ್ಲು ಕೆಂಪಾಯಿತು, ಅವಳ ಸೀರೆ ಕೆಂಪಾಯಿತು. ಕೈ ಸೋತು ನಿಂತು ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು.

"ಇಷ್ಟೇನಾ ತೂಕ? ಇಷ್ಟು ಹಗುರಾನಾ?" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇವು ನಮ್ಮೋರ ಹಿಂದೆ ಕೋಳಿಮರಿ ಹಾಗೆ ತಿರುಗ್ತಿದ್ವು. ಅವರನ್ನ ಕಂಡು ಯಾಕೆ ಹೆದರಿದ್ವು?"

ಗೊತ್ತಿಲ್ಲ ಅಂದೆ. ಅವಳು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ.

ನವೆಂಬರ್ 8

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಐದನೇ ತಾರೀಖು ಹೇಳಿಬಿಟ್ಟೆ. ಅಕ್ಕ ಚಪಾತಿ ಲಟ್ಟಿಸುತ್ತಿದ್ದಳು. ಕೋಟು, ಟೋಪಿ, ಗುಂಡು, ಶೆಡ್ಡಿನ ಜಗಳ, ಹಲ್ಲು, ವಾಕಿಟಾಕಿಯ ಬಟನ್, ಎಲ್ಲ. ಅವಳು ಲಟ್ಟಿಸುತ್ತಲೇ ಇದ್ದಳು. ಮುಗಿದ ಮೇಲೆ ಒಲೆ ಆರಿಸಿದಳು. ಲಟ್ಟಣಿಗೆ ಬೀಸಿದಳು. ತಲೆಗೆ ಬೀಳುತ್ತಿತ್ತು, ಕೈ ಅಡ್ಡ ತಂದೆ. ಬಲಗೈಯ ಬೆರಳು ಮುರಿದ ಸದ್ದು ಇಬ್ಬರಿಗೂ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ. ಬೆನ್ನು, ಭುಜ, ಮೊಣಕಾಲು. ನಾನು ಅಲ್ಲಾಡಲಿಲ್ಲ. ಹೊಡೆಯಲಿ ಎಂದೇ ಇತ್ತು.

"ನಿನ್ನ ಮನೆಗೆ ಕರ್ಕೊಂಡು ಬಂದಿದ್ದೇ ತಪ್ಪಾಯ್ತಲ್ಲೇ. ಅನ್ನ ಹಾಕಿದ್ದೇ ತಪ್ಪಾಯ್ತಲ್ಲೇ" ಎನ್ನುತ್ತಿದ್ದಳು. ಆ ಮಾತು ಲಟ್ಟಣಿಗೆಗಿಂತ ಜೋರಾಗಿ ಬಿತ್ತು.

ಆಮೇಲೆ ಅವಳೇ ತನ್ನ ಸೀರೆಯ ಅಂಚು ಹರಿದು ಬೆರಳುಗಳಿಗೆ ಆಸರೆಗೆಂದು ಸೌಟು ಕಟ್ಟಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಮಾತಿಲ್ಲ. ಇವತ್ತಿಗೂ ಇಲ್ಲ. ತಟ್ಟೆ ತಂದಿಡುತ್ತಾಳೆ, ಹೋಗುತ್ತಾಳೆ. ತಟ್ಟೆ ಮೂಲೆಯಲ್ಲೇ ಇಡುತ್ತಾಳೆ.

ನವೆಂಬರ್ 19

ಸಾಹೇಬ ಮನೆಗೇ ಬಂದ. ಅಕ್ಕನಿಗೆ ಕೈ ಮುಗಿದ. ನನ್ನ ಬ್ಯಾಂಡೇಜ್ ನೋಡಿ ಏನೂ ಕೇಳಲಿಲ್ಲ.

"ನೋಡಿ ತಾಯಿ, ಹೋದವರು ಬರಲ್ಲ. ನಿಮಗೆ ಇಲ್ಲೇ ಕ್ಯಾಂಟೀನಲ್ಲಿ ಪರ್ಮನೆಂಟ್ ಕೆಲಸ ಮಾಡ್ಸ್ತೀನಿ. ಮನೆನೂ ಬಿಡ್ಬೇಕಿಲ್ಲ. ತಂಗಿ ಕೆಲಸಕ್ಕೂ ತೊಂದರೆ ಇಲ್ಲ. ಅವರು ಟವರಿಗೆ ಅನುಮತಿ ಕೇಳಿದ್ದು ಕೇಳಿಸಿಲ್ಲ ಅಂತ ಇವಳು ಹೇಳಿದ್ರೆ ಸಾಕು. ಸುಳ್ಳು ಹೇಳಿ ಅಂತಿಲ್ಲ. ಕೇಳಿಸಿಲ್ಲ ಅಂದ್ರೆ ಸಾಕು."

ಹತ್ತಿರ ಬರುವ ಕಡೆಯಿಂದ ಹೊಡಿ ಎಂದವನು ಇವನೇ. ಅವನ ಕತ್ತು ತಿರುವಲು ಕೈ ತುರಿಸಿತು. ಬಲಗೈ ಪ್ಲಾಸ್ಟರಿನಲ್ಲಿತ್ತು.

ಅಕ್ಕ ಕಾಫಿ ಕೊಟ್ಟಳು. ಕುಡಿದು ಮುಗಿಸುವವರೆಗೂ ನಿಂತಿದ್ದಳು. ಲೋಟ ತೆಗೆದುಕೊಂಡು ಹೇಳಿದಳು. "ಇವರು ನಿಯಮ ಮುರಿದು ಸತ್ರು ಅಂತ ಬರೀತೀರಿ. ಅದರ ಬಾಬ್ತು ನಾನು ಕ್ಯಾಂಟೀನಲ್ಲಿ ಲೋಟ ತೊಳೀಬೇಕು. ಎದ್ದೇಳಿ."

ಅವನು ಹೋದ ಮೇಲೆ ನನ್ನ ಕಡೆ ನೋಡಿದಳು. ಹದಿನಾಲ್ಕು ದಿನದ ಮೇಲೆ ಮೊದಲ ಮಾತು: "ನೀನು ಏನ್ ಹೇಳ್ತೀಯೋ ನಾನು ಬಂದು ಕೇಳ್ತೀನಿ."

ನವೆಂಬರ್ 21, ಬೆಳಿಗ್ಗೆ

ಎನ್‌ಕ್ವೈರಿ ರೂಮಿನ ಹೊರಗೆ ಬೆಂಚು. ಅಕ್ಕ ಪಕ್ಕದಲ್ಲಿ. ಅವಳಿಗೂ ನನಗೂ ನಡುವೆ ಅವಳ ಚೀಲ. ಕಿಟಕಿಯಿಂದ ಮೈದಾನ ಕಾಣುತ್ತದೆ. ಹುಲ್ಲು ಕತ್ತರಿಸಲು ಹೊಸಬನನ್ನು ಹಾಕಿದ್ದಾರೆ. ಟ್ರ್ಯಾಕ್ಟರ್ ಬೇರೆ, ನೀಲಿ ಬಣ್ಣದ್ದು. ಆದರೂ ಹಿಂಡು ಆಕಾಶದಲ್ಲೇ ಇದೆ. ಕೆಳಗಿಳಿಯುತ್ತಿಲ್ಲ. ಹತ್ತು ಗಂಟೆಗೆ ಒಂದು ವಿಮಾನ ಇದೆ. ಆ ಹೊಸಬನಿಗೆ ಯಾರೂ ಏನೂ ಹೇಳಿಲ್ಲ. ಇದನ್ನೂ ಒಳಗೆ ಹೇಳಬೇಕು. ಇದನ್ನೇ ಮೊದಲು ಹೇಳಬೇಕೇನೋ.

ಸಾಹೇಬ ಎದುರಿನಿಂದ ದಾಟಿ ಹೋದ. ನಕ್ಕ. ನಾನು ಒಳಗೆ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ, ಜೈಲಿಗೂ ಹೋಗಬೇಕಾಗಬಹುದು. ಅಕ್ಕ ಎಲ್ಲಿಗೆ ಹೋಗುತ್ತಾಳೆ? ಕೇಳಿದೆ. "ಅದು ನನಗೆ ಬಿಡು" ಅಂದಳು, ಅಷ್ಟೇ.

ಹೆದರಿಕೆಯಾಗುತ್ತಿದೆ. ಮಾತು ಬರುತ್ತದೋ ಇಲ್ಲವೋ. ವಾಕಿಟಾಕಿಯ ಮುಂದೆ ಕೂತ ಹಾಗೆ ಯೋಚಿಸುತ್ತ ಕೂತುಬಿಟ್ಟರೆ?

ಬಾಗಿಲು ತೆಗೆದರು. ನನ್ನನ್ನೇ ಕರೆಯುತ್ತಿದ್ದಾರೆ. ಅಕ್ಕನ ಮೊಣಕೈ ಪಕ್ಕೆಗೆ ಬಿತ್ತು, ಜೋರಾಗಿಯೇ. ಏಳು ಅನ್ನುತ್ತಿದ್ದಾಳೆ. ಮೊದಲನೆಯದು, ಆ ನೀಲಿ ಟ್ರ್ಯಾಕ್ಟರ್ ನಿಲ್ಲಿಸಿ. ಎರಡನೆಯದು, ಭಾವ ಅನುಮತಿ ಕೇಳಿದ್ದರು, ನನ್ನ ಕಿವಿಯಾರೆ ಕೇಳಿದ್ದೇನೆ. ಮೂರನೆಯದು, ಹಕ್ಕಿಗಳು ಹೆದರಿದ್ದು ಅವರಿಗಲ್ಲ, ಅವರ ಕೋಟು ತೊಟ್ಟು ಹೊಡೆದವಳಿಗೆ, ನನಗೆ.